ಅಕ್ಕ ನಿಂತ ಜಾಮೀನು

ನನಗೆ ವಾಚು ಬೇಕಾಗಿರಲಿಲ್ಲ. ಕಾರ್ಖಾನೆಯ ಸೀಟಿ ಕೂಗಿದರೆ ಕೆಲಸ ಶುರು, ಮತ್ತೆ ಕೂಗಿದರೆ ಮುಗಿಯಿತು. ನಡುವೆ ಗಂಟೆ ನೋಡುವ ಪುರಸೊತ್ತು ಯಾರಿಗಿತ್ತು? ಆದರೂ ಭಟ್ಕಳದಲ್ಲಿ ಹಡಗಿನ ಕೆಲಸದಿಂದ ಬಂದವನೊಬ್ಬ ಮಾರುತ್ತಿದ್ದ ಫಾರಿನ್ ವಾಚು ಕಂಡದ್ದೇ ತಡ, ನನ್ನ ತಲೆ ಕೆಟ್ಟಿತು. ಅರವತ್ತರ ದಶಕದ ಮೊದಲ ವರ್ಷಗಳು ಅವು. ನನಗೆ ಇಪ್ಪತ್ತೆರಡು, ಮೈತುಂಬ ಸೊಕ್ಕು.

ಕುಮಟೆಯ ಹೊರಗಿನ ಹಂಚಿನ ಕಾರ್ಖಾನೆಯಲ್ಲಿ ನಾನು ಅಚ್ಚಿನ ಮಿಷನ್ ತಿರುಗಿಸುತ್ತಿದ್ದೆ. ಅಕ್ಕ ಹಸಿ ಹಂಚುಗಳನ್ನು ಹಲಗೆಯ ಮೇಲೆ ಹೊತ್ತು ಒಯ್ದು ಒಣಗಲು ಇಡುತ್ತಿದ್ದಳು. ಅವಳು ಭಟ್ಕಳದ ಹತ್ತಿರದ ಕಾಯ್ಕಿಣಿಯ ಗಂಡನ ಹೊಡೆತ ತಡೆಯಲಾರದೆ ತವರಿಗೆ ಓಡಿ ಬಂದವಳು. ಅಪ್ಪ ಅವಳನ್ನು ಅಂಗಳದಲ್ಲೇ ನಿಲ್ಲಿಸಿ, "ದುಡ್ಕಂಡು ತಿಂಬುದಾದ್ರೆ ಇರು. ಕೆಲಸ ಹೋತು ಅಂದ್ರೆ ಮರುದಿನವೇ ಗಂಡನ ಮನೆ" ಎಂದಿದ್ದ. "ಆತು" ಎಂದು ಅವಳು ಒಳಗೆ ಬಂದಿದ್ದಳು. ಅಪ್ಪ ಆಡಿದ ಮಾತು ತಪ್ಪುವ ಜನವಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಶನಿವಾರ ಪಗಾರದ ಬಟವಾಡೆ. ಅಷ್ಟರೊಳಗೆ ಕೈ ಖಾಲಿಯಾದವರಿಗೆ ಮೇಸ್ತ್ರಿ ಸಾಲ ಕೊಡುತ್ತಿದ್ದ, ಹತ್ತು ರೂಪಾಯಿಗೆ ವಾರಕ್ಕೆ ಒಂದು ರೂಪಾಯಿ ಬಡ್ಡಿ. ಕಾಗದ ಪತ್ರ ಏನಿಲ್ಲ. ಅದೇ ಕಾರ್ಖಾನೆಯಲ್ಲಿ ದುಡಿಯುವ ಇನ್ನೊಬ್ಬರು ಜಾಮೀನು ನಿಂತರೆ ಸಾಕು. ಸಾಲಗಾರ ಶನಿವಾರ ಕಾಣದಿದ್ದರೆ ಜಾಮೀನು ನಿಂತವರ ಪಗಾರವನ್ನು ಬಟವಾಡೆಯ ಮೇಜಿನ ಮೇಲಿಂದಲೇ ಬಾಚಿಕೊಳ್ಳುತ್ತಿದ್ದ. ಅಕ್ಕಿಗೋ ಔಷಧಿಗೋ ಎಂದು ತೆಗೆದುಕೊಂಡವರೇ ಅದರಲ್ಲಿ ಮುಳುಗಿದರೆ ಏಳುತ್ತಿರಲಿಲ್ಲ. ನಾನು ಮಹಾರಾಯ ಐವತ್ತು ರೂಪಾಯಿ ಎತ್ತಿದೆ, ವಾಚಿಗೆ!

"ತಮಾ, ನಿಂಗೆ ಎಂತಕ್ಕೆ ಈ ವಾಚಿನ ಶೋಕಿ?" ಎಂದು ಅಕ್ಕ ಮೊದಲು ಬೈದಳು. ನಾನು ಮೋರೆ ಊದಿಸಿಕೊಂಡು ಎರಡು ದಿನ ಊಟ ಬಿಟ್ಟೆ. ಮೂರನೆಯ ದಿನ ಅವಳೇ ಮೇಸ್ತ್ರಿಯ ಹತ್ತಿರ ಹೋಗಿ ಜಾಮೀನು ನಿಂತು ಬಂದಳು.

ಪ್ರತಿ ವಾರ ಐದು ರೂಪಾಯಿ ಬಡ್ಡಿಗೇ ಹೋಗತೊಡಗಿತು. ನನ್ನ ಪಗಾರದ ಅರ್ಧ ಅದು. ಅಸಲು ಒಂದು ಕಾಸೂ ಕದಲಲಿಲ್ಲ. ಆರು ವಾರ ಕೊಟ್ಟು ಬೇಸರ ಬಂತು. ಏಳನೆಯ ಶನಿವಾರ ಹೊಟ್ಟೆನೋವೆಂದು ರಜೆ ಹಾಕಿ, ಹೊನ್ನಾವರಕ್ಕೆ ಹೋಗಿ ಟೆಂಟಿನಲ್ಲಿ ಸಿನಿಮಾ ನೋಡಿದೆ. ಸೋಮವಾರ ಗುಮಾಸ್ತನ ಹತ್ತಿರ ಪಗಾರ ಇಸಿದುಕೊಂಡೆ. ಮರುವಾರವೂ ಹಾಗೇ. ಅಕ್ಕನ ದುಡ್ಡಿಗೆ ಕೈ ಬೀಳುತ್ತದೆಂದು ನನಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ನಾಲಿಗೆಗೆ ಹುಳ ಬೀಳಲಿ. ಗೊತ್ತಿತ್ತು. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ನಾನು ತಪ್ಪಿಸಿಕೊಂಡ ಮೂರನೆಯ ಶನಿವಾರ ಅಕ್ಕ ತನ್ನ ಪಗಾರ ಬಿಟ್ಟುಕೊಡದೆ ಮುಷ್ಟಿ ಬಿಗಿ ಹಿಡಿದಳಂತೆ. ಮೇಸ್ತ್ರಿ ಅವಳ ಮಣಿಕಟ್ಟು ತಿರುಚಿ, ಮುಷ್ಟಿ ಬಿಡದಿದ್ದಾಗ ಕೆನ್ನೆಗೆ ಬಾರಿಸಿ, ಬಿದ್ದವಳ ಕೈಯನ್ನು ಚಪ್ಪಲಿಯಲ್ಲಿ ಮೆಟ್ಟಿ ಬಿಡಿಸಿಕೊಂಡ. ಸಾಲಿನಲ್ಲಿ ನಿಂತ ಅರವತ್ತು ಜನ ನೋಡಿದರು. ನಾನು ಮನೆಗೆ ಬಂದಾಗ ಅವಳು ಊದಿದ ಎಡಗಣ್ಣು ಮುಚ್ಚಿಕೊಂಡು, ಒಂದೇ ಕೈಯಲ್ಲಿ ಮೀನು ಕೊಯ್ಯುತ್ತಿದ್ದಳು.

"ಎಂತಾ ಆತು?" ಎಂದೆ.

"ಎಂತದೂ ಆಗ್ಲಿಲ್ಲೆ. ನೀ ಸುಮ್ನಿರು" ಎಂದಳು.

ಸಾಲಿನಲ್ಲಿ ನಿಂತು ನೋಡಿದವರಿಂದ ಎಲ್ಲ ತಿಳಿಯಿತು. ಸುಮ್ಮನಿರುವ ಜಾತಿಯೇ ನನ್ನದು? ಸೋಮವಾರ ಬೆಳಿಗ್ಗೆ ಸೀಟಿ ಕೂಗುವ ಮೊದಲೇ ಹೋದೆ. ಮೇಸ್ತ್ರಿ ಹಂಚು ಸುಡುವ ಗೂಡಿನ ಬಾಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಬೀಡಿ ಹಚ್ಚುತ್ತಿದ್ದ. ಹಂಚು ಹೊರುವ ಹಲಗೆ ಕೈಗೆ ಸಿಕ್ಕಿತು. ಮೊದಲ ಏಟಿಗೆ ಬಾಯಿಂದ ಬೀಡಿಯೂ ರಕ್ತವೂ ಒಟ್ಟಿಗೆ ಹಾರಿದವು. ಎರಡನೆಯದಕ್ಕೆ ಅವನ ಮುಂಗೈ ಲಟಕ್ಕೆಂದಿತು. "ಬೇಡ ಮಾರಾಯ, ಬೇಡ!" ಎಂದು ಅವನು ಮಣ್ಣಿನ ರಾಶಿಯ ಮೇಲೆ ಹೊರಳಿದ. ಹಲಗೆ ಸೀಳುವವರೆಗೆ ಬಿಡಲಿಲ್ಲ. ನಿಜ ಹೇಳುತ್ತೇನೆ, ಹೊಡೆಯುವಾಗ ಬಹಳ ಹಿತವಾಗಿತ್ತು. ಅಕ್ಕನಿಗಾಗಿ ಹೊಡೆಯುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ.

ಸೀಟಿ ಕೂಗಿ ಕೆಲಸ ಶುರುವಾದ ಮೇಲೆ ಕಾರ್ಖಾನೆಯ ಧಣಿ ಬಂದ, ನೋಡಿದ. "ಅಕ್ಕ ತಮ್ಮ ಇಬ್ರೂ ನಾಳಿಂದ ಬರೂದು ಬೇಡ."

ಅಕ್ಕ ತಲೆಯ ಮೇಲಿನ ಹಲಗೆಯನ್ನು ಒಂದು ಹಂಚೂ ಮುರಿಯದಂತೆ ಕೆಳಗಿಟ್ಟಳು. ನೆಟ್ಟಗೆ ನನ್ನ ಹತ್ತಿರ ಬಂದು, ಎಲ್ಲರ ಎದುರು, ಬಾತ ಕೈಯಿಂದಲೇ ನನ್ನ ಕೆನ್ನೆಗೆ ಹೊಡೆದಳು. ಇನ್ನೊಂದು ಹೊಡೆದಳು.

"ಪೆಟ್ಟು ನಂಗೆ ಹೊಸತಾ? ತಡ್ಕಂಡಿದ್ನಲ್ಲಾ! ಕೆಲಸ ಒಂದು ಉಳೀಲಿ ಹೇಳಿ ತಡ್ಕಂಡಿದ್ನಲ್ಲಾ! ನಿನ್ ಸಾಲಕ್ಕೂ ನಾನೇ ಜಾಮೀನು, ನಿನ್ ಸಿಟ್ಟಿಗೂ ನಾನೇ ಜಾಮೀನಾ?"

ಅಪ್ಪನ ಕಾಲು ಹಿಡಿದೆ. ನಾಳೆಯೇ ಬೇರೆ ಕೆಲಸ ಹುಡುಕುತ್ತೇನೆ, ಅವಳ ಅನ್ನ ನಾನು ಹಾಕುತ್ತೇನೆ ಎಂದೆ. "ನೀ ಹಾಕಿದ್ದು ಕಂಡಿದ್ದೆ" ಎಂದು ಕಾಲು ಜಾಡಿಸಿದ. ವಾಚನ್ನು ಅರ್ಧ ಬೆಲೆಗೆ ಮಾರಿದೆ. ಅದೂ ಮೇಸ್ತ್ರಿಯ ಅಸಲಿಗೇ ಸಾಲಲಿಲ್ಲ. ಹೊನ್ನಾವರದವರೆಗೆ ಅಕ್ಕನ ಗಂಟು ಹೊತ್ತು ನಾನೇ ಹೋದೆ. ಶರಾವತಿಗೆ ಆಗ ಸೇತುವೆ ಇರಲಿಲ್ಲ. ಲಾಂಚಿನಲ್ಲಿ ದಾಟಿ ಆಚೆ ಭಟ್ಕಳದ ಬಸ್ಸು ಹಿಡಿಯಬೇಕು. ಗಂಟು ಇಸಿದುಕೊಳ್ಳುವಾಗಲೂ ಅವಳು ನನ್ನ ಮುಖ ನೋಡಲಿಲ್ಲ.

ಚೌತಿಗೆ ಬಂದಳು. ಮಾತಾಡುವಾಗ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಬಡಿಸಲು ಬಗ್ಗಿದಾಗ ಸೆರಗು ಜಾರಿತು. ಮುಂದಿನ ಎರಡು ಹಲ್ಲುಗಳಿರಲಿಲ್ಲ.

"ಎಂತಾ ಆತಕ್ಕಾ?" ಎಂದೆ.

"ಬಾವಿಕಟ್ಟೆ ಹತ್ರ ಜಾರಿ ಬಿದ್ದೆ" ಎಂದಳು. "ಪಾಯಸ ಹಾಕ್ಲಾ?"

ನನಗೆ ಸಿಟ್ಟು ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಬರಬೇಕಿತ್ತು? "ಹಾಕು" ಎಂದು ಎಲೆ ಮುಂದೆ ಸರಿಸಿದೆ.