ನೀರಿಗೆ ಬಂದ ಫ್ಯಾಟು

ಕಂಪ್ಯೂಟರಿನ ತಪ್ಪು ಹುಡುಕುವುದಕ್ಕೆಂದೇ ಜನರನ್ನು ಇಟ್ಟು ಸಂಬಳ ಕೊಡುತ್ತಾರೆ ಎಂದು ಹೋದ ಸಲ ರಜೆಗೆ ಬಂದಾಗ ನೀವು ಹೇಳಿದಿರಿ. ನಾನು ನಕ್ಕು ಒಳಗೆ ಹೋದೆ. ಆ ಕೆಲಸ ನಾನೂ ಒಂದು ಸಲ ಮಾಡಿದ್ದೇನೆ ಎಂದು ಹೇಳಲು ಬಾಯಿ ಬರಲಿಲ್ಲ.

ನಿಮ್ಮ ತಾತ ಹೋದ ಮೇಲೆ ರಾವಂದೂರಿನ ಆಚೆಯ ನಮ್ಮೂರ ಹಾಲಿನ ಡೈರಿಯಲ್ಲಿ ನನಗೆ ಟೆಸ್ಟರ್ ಕೆಲಸ ಕೊಟ್ಟರು. ಏಳನೇ ಕ್ಲಾಸು ಓದಿದ್ದೆ, ಅಂಕಿ ದುಂಡಗೆ ಬರೆಯುತ್ತಿದ್ದೆ, ಯಾರಿಗೂ ಎದುರು ಮಾತಾಡುವವಳಲ್ಲ. ಅಷ್ಟು ಸಾಕಾಗಿತ್ತು. ಹಾಲಿಗೆ ಆಸಿಡ್ ಬೆರೆಸಿ, ಗಾಜಿನ ಕೊಳವೆಗಳನ್ನು ಚಕ್ರಕ್ಕೆ ಸಿಕ್ಕಿಸಿ ತಿರುಗಿಸಿ, ಮೇಲೆ ತೇಲಿದ ಕೊಬ್ಬು ಎಷ್ಟೆಂದು ಕೊಳವೆಯ ಗೀಟು ನೋಡಿ ಹೇಳಬೇಕು. ಅದನ್ನೇ ಫ್ಯಾಟು ಎನ್ನುವುದು. ಹಾಲಿನ ದುಡ್ಡು ಅದರ ಮೇಲೆ, ನೀರು ಬೆರೆಸಿದರೆ ಅದು ಇಳಿಯುತ್ತದೆ. ನನ್ನ ಬಲಗೈ ಮೇಲಿನ ಕಲೆ ಆ ಆಸಿಡ್‌ನದು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷಕ್ಕೆ ಇದೆಲ್ಲ ಮೂಲೆಗೆ ಹೋಗಿ ಕಂಪ್ಯೂಟರ್ ಬಂತು. ಪಕ್ಕದಲ್ಲಿ ಒಂದು ಪೆಟ್ಟಿಗೆ. ಅದರ ಸಣ್ಣ ಕೊಳವೆಗೆ ಹಾಲಿನ ಬಾಟಲಿ ಹಿಡಿದರೆ ಗೊರ್ ಎಂದು ಹೀರಿಕೊಳ್ಳುತ್ತದೆ. ಹಾಲು ತಂದವರ ನಂಬರು ಒತ್ತಿದರೆ ಫ್ಯಾಟು ಎಷ್ಟೆಂದು ಚೀಟಿ ಬರುತ್ತದೆ. ಡೈರಿ ಸಂಘದ ಸೆಕ್ರೆಟರಿ ಅದಕ್ಕೆ ಹೂ ಮುಡಿಸಿ, “ಇನ್ನು ಯಾರ ಆಟಾನೂ ನಡೆಯಲ್ಲ ಕಣ್ರಪ್ಪ, ಇದು ಸುಳ್ಳೇಳಲ್ಲ” ಎಂದರು.

ಕೆರೆಯ ಆಚೆ ಒಂಟಿ ಮನೆಯಲ್ಲಿ ಒಬ್ಬಳಿದ್ದಳು, ನನಗಿಂತ ಒಂದೆರಡು ವರ್ಷ ದೊಡ್ಡವಳು. ಡೈರಿಗೆ ಎಮ್ಮೆ ಹಾಲು ಹಾಕುತ್ತಿದ್ದವಳು ಅವಳೊಬ್ಬಳೇ. ಉಳಿದವರದೆಲ್ಲ ಸೀಮೆ ಹಸು. ದೂರದಿಂದ ಬರುವುದರಿಂದ ಬೆಳಿಗ್ಗೆ ಸಾಲಿನಲ್ಲಿ ಯಾವಾಗಲೂ ಅವಳೇ ಕೊನೆ. ನನ್ನ ಆಸಿಡ್ ಕಾಲದಲ್ಲಿ ಅವಳ ಹಾಲಿಗೆ ಏಳಕ್ಕೆ ಕಡಿಮೆ ಫ್ಯಾಟು ಬಂದದ್ದೇ ಇಲ್ಲ. ಕಂಪ್ಯೂಟರ್ ಬಂದು ವಾರದೊಳಗೆ ಮೂರೂವರೆ, ಮೂರೂಕಾಲು ಬರತೊಡಗಿತು. ಅದೂ ಬೆಳಿಗ್ಗೆ ಮಾತ್ರ. ಸಂಜೆ ಸರಿಯಾಗಿಯೇ ಇರುತ್ತಿತ್ತು.

“ಸಂಜೆ ಹಾಲು, ಬೆಳಿಗ್ಗೆ ನೀರು. ಚೆನ್ನಾಗೈತೆ ಯಾಪಾರ,” ಎಂದರು ಸೆಕ್ರೆಟರಿ.

“ಎಮ್ಮೆ ಕೆಚ್ಚಲಿಗೆ ಬೋರ್‌ವೆಲ್ ಕೊರೆಸವ್ಳೆ ಕಣಣ್ಣ,” ಎಂದಳು ಸಾಲಿನಲ್ಲಿದ್ದ ಒಬ್ಬಳು. ಎಲ್ಲರೂ ನಕ್ಕರು.

ಅವಳು ನನ್ನ ಕಡೆ ನೋಡಿದಳು. “ನೀನೇಳವ್ವ. ಇಷ್ಟು ವರ್ಸ ನನ್ನಾಲ ನೋಡಿದ್ದೀಯಲ್ಲ.”

ನಾನು ಬಾಟಲಿ ತೊಳೆಯುತ್ತಾ ತಲೆ ಬಗ್ಗಿಸಿದೆ.

ಮಾರನೆಯ ದಿನ ಸೆಕ್ರೆಟರಿ ಅವಳ ಹಾಲು ಬೇಡವೆಂದರು. ಅವಳು ಕ್ಯಾನು ಎತ್ತಿ ಡೈರಿಯ ಮುಂದಿನ ಚರಂಡಿಗೆ ಬಗ್ಗಿಸಿ ಹೋದಳು. ಮಧ್ಯಾಹ್ನದ ಬಿಸಿಲಿಗೆ ಅದು ಒಡೆದು ಹುಳಿ ನಾತ ಹೊಡೆಯಿತು, ನೊಣ ಮುತ್ತಿತು. ಆ ನಾತದಲ್ಲಿ ಕುಳಿತು ಲೆಡ್ಜರಿನಲ್ಲಿ ಅವಳ ಹೆಸರಿನ ಮುಂದೆ “ನೀರು” ಎಂದು ಬರೆದವಳು ನಾನೇ. ತಿಂಗಳ ಕೊನೆಯ ಸಭೆಯಲ್ಲಿ ಅವಳನ್ನು ಸಂಘದಿಂದ ತೆಗೆಯುವುದೆಂದು ಅವತ್ತೇ ಮಾತಾಯಿತು.

ಅವಳು ಹಾಲು ಚೆಲ್ಲಿದ ಆ ದಿನವೇ ಪೆಟ್ಟಿಗೆಯ ಕೊಳವೆ ತೊಳೆಯಲು ನಲ್ಲಿ ನೀರು ಹಿಡಿದಿದ್ದೆ. ಕೀಲಿಗಳ ಮೇಲಿನ ಹಾಲು ಒರೆಸುವಾಗ ಯಾವುದೋ ನಂಬರು ಒತ್ತಿ ಹೋಗಿ ಚೀಟಿ ಬಂತು. ನೀರಿಗೆ ಫ್ಯಾಟು ಮೂರೂಕಾಲು. ಕೊನೆಗೆ ಹಾಲು ಹಾಕಿದ್ದ ಹಸುವಿನವಳ ಚೀಟಿ ನೋಡಿದೆ. ಅದೂ ಮೂರೂಕಾಲು.

ಮತ್ತೆ ನೀರು ಹಿಡಿದೆ. ಈ ಸಲ ಸೊನ್ನೆ. ನನಗೇ ತಲೆ ಕೆಟ್ಟಿತೇನೋ ಎನಿಸಿತು. ಆಗಿನಿಂದ ನಿಮ್ಮ ಅಮ್ಮನ ಹಳೇ ನೋಟ್‌ಬುಕ್ಕಿನ ಹಿಂಭಾಗದಲ್ಲಿ ಬರೆದಿಡತೊಡಗಿದೆ. ಒಂದು ದಿನ ಬಾಟಲಿ ಬದಲಿಸಿದೆ, ಉಳಿದದ್ದನ್ನು ಹಾಗೇ ಬಿಟ್ಟೆ. ಒಂದು ದಿನ ತೊಳೆಯದೆ ನೋಡಿದೆ. ಇನ್ನೊಂದು ದಿನ ನಂಬರನ್ನು ಬೇಗ ಒತ್ತಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸದಿದ್ದರೆ ಯಾವುದರಿಂದ ಆಯಿತೆಂದು ತಿಳಿಯುವುದಿಲ್ಲ. ಸಾರಿಗೆ ಉಪ್ಪು, ಹುಳಿ, ಖಾರ ಒಟ್ಟಿಗೆ ಸುರಿದು ಕೆಡಿಸಿಕೊಂಡವರಿಗೆ ಇದು ಗೊತ್ತು. ನಾಲ್ಕನೇ ದಿನ ಸಿಕ್ಕಿತು. ಪೆಟ್ಟಿಗೆ ಇನ್ನೂ ಗೊರ್ ಎನ್ನುತ್ತಿರುವಾಗಲೇ ನಂಬರು ಒತ್ತಿದರೆ, ಕಂಪ್ಯೂಟರ್ ಕಾಯದೆ ಹಿಂದಿನವರ ಫ್ಯಾಟನ್ನೇ ಇವರಿಗೂ ಬರೆದುಬಿಡುತ್ತಿತ್ತು.

ಬೆಳಿಗ್ಗೆ ಹಾಲಿನ ವ್ಯಾನ್ ಬಂದು ಹಾರ್ನ್ ಹೊಡೆಯುವಾಗ ನಾನು ಒತ್ತುತ್ತಿದ್ದದ್ದು ಹಾಗೆಯೇ. ಸಂಜೆ ವ್ಯಾನ್ ಇಲ್ಲ, ಅವಸರವೂ ಇಲ್ಲ. ಹಸುವಿನವರಲ್ಲಿ ಒಬ್ಬರದು ಇನ್ನೊಬ್ಬರಿಗೆ ಬಂದರೂ ಅಂಕಿಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ಯಾರಿಗೂ ತಿಳಿಯಲಿಲ್ಲ. ಕೊನೆಯವಳದು ಎಮ್ಮೆ, ಏಳು ಬರಬೇಕಾದಲ್ಲಿ ಹಸುವಿನ ಮೂರೂವರೆ ಬರುತ್ತಿತ್ತು. ಅವಳೊಬ್ಬಳೇ ಕಳ್ಳಿಯಾದಳು.

ಮಕ್ಕಳೇ, ಗೊತ್ತಾದ ದಿನವೇ ಹೇಳಿದೆನೆಂದು ಬರೆಯಲು ಆಸೆ. ಹೇಳಲಿಲ್ಲ. ತಪ್ಪು ಒತ್ತಿದವಳು ನೀನೇ ಅಂದರೆ? ಕೆಲಸ ಹೋದರೆ? ಹನ್ನೊಂದು ದಿನ ಬಾಯಿ ಮುಚ್ಚಿಕೊಂಡಿದ್ದೆ. ಅಷ್ಟು ದಿನವೂ ಅವಳು ಕೆರೆಯ ಏರಿಯ ಮೇಲೆ ಕ್ಯಾನು ಹೊತ್ತು ಪಕ್ಕದೂರಿನ ಹೋಟೆಲಿಗೆ ಹೋಗುವುದನ್ನು ಕಿಟಕಿಯಿಂದ ನೋಡುತ್ತಿದ್ದೆ. ಮೂಗಿನಲ್ಲಿ ಅದೇ ಒಡೆದ ಹಾಲಿನ ನಾತ.

ಸಭೆಯ ದಿನ ಕಂಪ್ಯೂಟರಿನವರ ಕಡೆಯಿಂದ ಮೈಸೂರಿನ ಎಂಜಿನಿಯರ್ ಒಬ್ಬರು ಬಂದರು. ಇಸ್ತ್ರಿ ಮಾಡಿದ ಪ್ಯಾಂಟಿಗೆ ಹಾಲು ತಾಗದಂತೆ ದೂರ ನಿಂತು ಒಂದು ಬಾಟಲಿ ಹಿಡಿದರು, ಗೊರ್ ನಿಲ್ಲುವವರೆಗೆ ಕಾದರು, ನಂಬರು ಒತ್ತಿದರು. ಸರಿಯಾಗಿ ಬಂತು. “ನೋಡಿ, ಮಷೀನು ಪರ್ಫೆಕ್ಟ್ ಆಗಿದೆ,” ಎಂದರು.

ಬಾಗಿಲ ಹೊರಗೆ ಆ ಎಮ್ಮೆಯವಳು ನಿಂತಿದ್ದಳು. ಒಳಗೆ ಬಾ ಎಂದು ಯಾರೂ ಕರೆದಿರಲಿಲ್ಲ.

“ಸಾರ್, ಅಂಗಲ್ಲ,” ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. “ನಾವು ಒತ್ತಾದು ಇಂಗೆ.” ಒಬ್ಬರ ಹಸುವಿನ ಹಾಲು ಹಿಡಿದೆ. ಆಮೇಲೆ ಎಲ್ಲರ ಮುಂದೆ ಚೊಂಬಿನ ನೀರನ್ನು ಬಾಟಲಿಗೆ ಬಗ್ಗಿಸಿ ಹಿಡಿದು, ಗೊರ್ ನಿಲ್ಲುವ ಮೊದಲೇ ನಂಬರು ಒತ್ತಿದೆ. ಚೀಟಿಯನ್ನು ಸೆಕ್ರೆಟರಿ ಕೈಗೆ ಕೊಟ್ಟೆ. ನೀರಿಗೆ ಫ್ಯಾಟು ಮೂರು ಮುಕ್ಕಾಲು.

“ಥೂ, ಇದೇನ್ಲಾ ಇದು,” ಎಂದರು ಹಿಂದೆ ಕುಳಿತಿದ್ದ ಒಬ್ಬ ಅಜ್ಜ. “ಅಂಗಾದ್ರೆ ನಮ್ ಕೆರೆಗೂ ಒಂದು ನಂಬರ್ ಕೊಡ್ರಲಾ.”

ಎಂಜಿನಿಯರ್ ಗಾಬರಿಯಾಗಲಿಲ್ಲ. “ಅಷ್ಟು ಬೇಗ ಒತ್ತಬಾರದಮ್ಮ. ಬೇರೆ ಊರುಗಳಲ್ಲೂ ಹೀಗೇ ಕಂಪ್ಲೇಂಟ್ ಬಂದಿದೆ. ಸ್ವಲ್ಪ ಕಾಯಬೇಕು ಅಷ್ಟೇ.”

ಬಂದಿದೆ ಎಂದರು. ಅಂದರೆ ಅವರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ತಂದು ನಮ್ಮ ಮುಂದೆ ಇಟ್ಟು, ಹೂ ಮುಡಿಸಿಕೊಂಡು ಹೋಗಿದ್ದರು. ಆ ಮನುಷ್ಯನ ಮುಖ ನೋಡಲು ಹೇಸಿಗೆಯಾಯಿತು. ಮರುಗಳಿಗೆ ನನ್ನ ಹನ್ನೊಂದು ದಿನ ನೆನಪಾಯಿತು. ಗೊತ್ತಿದ್ದೂ ಸುಮ್ಮನಿದ್ದವಳು ನಾನೂ ತಾನೆ. ಆ ಹೇಸಿಗೆಯಲ್ಲಿ ಅರ್ಧ ನನ್ನ ಪಾಲಿಗೆ ಬಂತು.

ಸೆಕ್ರೆಟರಿ ಹೊರಗೆ ನೋಡಿ, “ನಾಳೆಯಿಂದ ಹಾಲ ತತ್ತಾರಕ್ಕ, ಯಾನೋ ಆಗೋಯ್ತು ಬುಡು,” ಎಂದರು. ಅದೇ ಅವರ ಕ್ಷಮಾಪಣೆ. ಬೋರ್‌ವೆಲ್ ಎಂದಿದ್ದವಳು ಸೆರಗು ಸರಿಮಾಡಿಕೊಂಡಳು.

ಮಾರನೆಯ ಬೆಳಿಗ್ಗೆ ಎಮ್ಮೆಯವಳು ಬಂದಳು. ಕ್ಯಾನಿನ ಮುಚ್ಚಳದ ಮೇಲೆ ಕೈ ಇಟ್ಟುಕೊಂಡೇ ನಿಂತಳು.

“ಯಾವತ್ತು ಗೊತ್ತಾಯ್ತು ನಿಂಗೆ?”

ಹೇಳಿದೆ. ಅವಳು ಬೆರಳು ಮಡಚಿ ದಿನ ಎಣಿಸಿದಳು, ನನ್ನ ಮುಖಕ್ಕೆ ಉಗಿಯಲಿಲ್ಲ.

“ಮೊದ್ಲು ನೀರಾಕು. ಸೊನ್ನೆ ಬರಲಿ, ಆಮೇಲೆ ನನ್ನಾಲು.”

ಹಾಕಿದೆ. ಸೊನ್ನೆ ಬಂತು. ಅವಳು ಮುಚ್ಚಳ ತೆಗೆದಳು. ಕೆಲವು ತಿಂಗಳಾದ ಮೇಲೆ ಕಂಪ್ಯೂಟರನ್ನು ಸರಿಮಾಡಿಕೊಟ್ಟರು, ಆಮೇಲೆ ಎಷ್ಟು ಬೇಗ ಒತ್ತಿದರೂ ತಪ್ಪು ಬರಲಿಲ್ಲ. ಆದರೂ ಅವಳು ಎಮ್ಮೆ ಮಾರುವವರೆಗೆ ಪ್ರತಿ ಬೆಳಿಗ್ಗೆ, ಹೊರಗೆ ವ್ಯಾನ್ ಹಾರ್ನ್ ಹೊಡೆಯುತ್ತಿದ್ದರೂ, ಅವಳ ಕಣ್ಣೆದುರು ಮೊದಲು ನೀರು ಹಿಡಿದು ಸೊನ್ನೆ ತೋರಿಸಿದ್ದೇನೆ. ಅವಳು ನನ್ನೊಡನೆ ಬೇರೆ ಮಾತಾಡಲಿಲ್ಲ.