ದಾರಿಯಲ್ಲಿರುವ ಕೂಸಿಗೆ ಒಂದು ಸೀಟು

೨೦೨೫ರ ನವೆಂಬರ್ ೯, ಭಾನುವಾರ, ಬೆಳಗಿನ ಆರು ಗಂಟೆ ಹತ್ತು ನಿಮಿಷ. ಸವದತ್ತಿಯಿಂದ ಗುಡ್ಡದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ, ಕುಶನ್ ಅಂಗಡಿಯೊಂದರ ಮುಂದೆ ನಿಂತ ಕಾರಿನ ಹಿಂಬಾಗಿಲು ತೆರೆದಿದೆ. ಹೊರಗೆ ಕಾಣುವುದು ಎರಡು ಅಂಗಾಲು ಮಾತ್ರ. ಅಂಗಡಿಯ ಸಾಗರ ಅವರ ಮಿಕ್ಕ ಮೈಯೆಲ್ಲ ಒಳಗಿದೆ. ಹಿಂದಕ್ಕೆ ಮುಖ ಮಾಡಿಸಿ ಇಟ್ಟ ಕೂಸಿನ ಸೀಟಿನ ಮೇಲೆ ಮೊಣಕಾಲೂರಿ, ಮೈಭಾರವನ್ನೆಲ್ಲ ಅದರೊಳಗೆ ಇಳಿಸಿ, ಕಾರಿನ ಬೆಲ್ಟನ್ನು ಉಸಿರು ಬಿಗಿಹಿಡಿದು ಎಳೆಯುತ್ತಿದ್ದಾರೆ.

ಗಾಡಿ ಚಚಡಿಯ ಬಸವಲಿಂಗ ಅವರದು. ಜೊತೆಗೆ ತಾಯಿ ತಂಗೆವ್ವ ಬಂದಿದ್ದಾರೆ. ಸೊಸೆ ರಾಮದುರ್ಗದ ತವರಿನಲ್ಲಿ ಹೆತ್ತಿದ್ದಾಳೆ. ಕೂಸಿಗೀಗ ಐದು ತಿಂಗಳು. ತಾಯಿ-ಮಗು ಇಬ್ಬರನ್ನೂ ಇವತ್ತು ಮನೆ ತುಂಬಿಸಿಕೊಳ್ಳಬೇಕು. ಅಷ್ಟರೊಳಗೆ ಸೀಟು ಗಟ್ಟಿಯಾಗಬೇಕು.

ಬೆಲ್ಟು ಬಿಗಿಯಿತು. ಸಾಗರ ಸೀಟನ್ನು ಎರಡೂ ಕೈಯಿಂದ ಹಿಡಿದು ಅಲುಗಿಸಿ ನೋಡಲು ಹೊರಟರೆ ತಂಗೆವ್ವ ಕೂಗುತ್ತಾರೆ.

"ಏ ತಮ್ಮಾ, ತಡಿ! ಖಾಲಿ ತೊಟ್ಟಲಾ ತೂಗತಾರೇನೋ?"

"ತೊಟ್ಟಲಲ್ರಿ ಆಯಿ, ಸೀಟದು."

"ಕೂಸು ಮಲಗೂದು ಯಾವುದಾದ್ರೂ ತೊಟ್ಟಲಾನ. ಸರಿ ಅತ್ತಾಗ."

ಅವರು ಸಿದ್ಧರಾಗಿಯೇ ಬಂದಿದ್ದಾರೆ. ಚೀಲದಿಂದ ಹೊರಬಂದದ್ದು ಗುಂಡಪ್ಪ. ನಾಮಕರಣದ ದಿನ ಕೂಸಿಗಿಂತ ಮೊದಲು ತೊಟ್ಟಿಲೇರುವ, ಮನೆಯ ರುಬ್ಬುಗುಂಡು. ಅದಕ್ಕೊಂದು ಕುಂಚಿಗೆ ಬೇರೆ ತೊಡಿಸಿದ್ದಾರೆ. ಸೀಟಿನೊಳಗೆ ಮೊದಲು ತಾವೇ ಹೊಲಿದ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಗುಂಡಪ್ಪನನ್ನು ಕೂರಿಸುತ್ತಾರೆ.

"ಛಲೋ ಆತ್ರಿ, ನನಗೂ ತೂಕ ಬೇಕಾಗಿತ್ತು" ಎನ್ನುತ್ತಾರೆ ಸಾಗರ. "ಅಳೂದಿಲ್ಲ, ಉಚ್ಚಿ ಹೊಯ್ಯೂದಿಲ್ಲ. ಇಂಥಾ ಕೂಸು ಯಾರಿಗೆ ಸಿಗತೈತ್ರಿ?"

ಒಳಗಿನ ಪಟ್ಟಿಗಳನ್ನು ಗುಂಡಪ್ಪನ ಮೇಲೆ ಬಿಗಿಯುತ್ತಾರೆ. ನೋಡಿದರೆ ಗಟ್ಟಿಯಾಗಿಯೇ ಇದೆ. ಆಮೇಲೆ ಪಟ್ಟಿ ಸಡಿಲಿಸದೆ, ಕೆಳಗಿನ ಕೌದಿಯನ್ನಷ್ಟೇ ಮೆಲ್ಲಗೆ ಎಳೆದು ತೆಗೆಯುತ್ತಾರೆ. ಗುಂಡಪ್ಪ ಅತ್ತಿತ್ತ ಹೊರಳುತ್ತಾನೆ. ಕಲ್ಲಿಗೂ ಪಟ್ಟಿಗೂ ನಡುವೆ ಒಂದು ಮುಷ್ಟಿ ಹೋಗುವಷ್ಟು ಜಾಗ.

ದಪ್ಪ ಬಟ್ಟೆಯೊಳಗೆ ಇರುವುದು ಬಹುಪಾಲು ಗಾಳಿ. ಗಾಡಿ ಗುದ್ದಿದ ಗಳಿಗೆಯಲ್ಲಿ ಅದು ಅಪ್ಪಚ್ಚಿಯಾಗುತ್ತದೆ. ಬಿಗಿಯಾಗಿ ಕಂಡ ಪಟ್ಟಿ ಸಡಿಲವಾಗುತ್ತದೆ. ಈ ಸೀಮೆಯಲ್ಲಿ ಕೌದಿಯಿಲ್ಲದೆ ಕೂಸನ್ನು ಮಲಗಿಸುವ ಅಜ್ಜಿಯಿಲ್ಲ. ಹೀಗಾಗಿ ಸಾಗರ ಈ ಪಾಠವನ್ನು ಹೆಚ್ಚು ಕಡಿಮೆ ಪ್ರತಿ ಗಾಡಿಗೂ ಮಾಡುತ್ತಾರೆ.

"ಐದು ತಿಂಗಳ ಕುಂತು ಹೊಲಿದೇನೋ ತಮ್ಮಾ" ಎಂದು ತಂಗೆವ್ವ ಮುಖ ಸಣ್ಣದು ಮಾಡುತ್ತಾರೆ.

"ಬ್ಯಾಡ ಅಂದಿಲ್ರಿ ಆಯಿ. ಪಟ್ಟಿ ಹಾಕಿದ ಮ್ಯಾಲೆ ಹೊಚ್ರಿ. ಕೆಳಗ ಹಾಸಿದ್ರ ಯಾರಿಗೆ ಕಾಣತೈತಿ? ಮ್ಯಾಲೆ ಹೊಚ್ಚಿದ್ರ ರಾಮದುರ್ಗದ ಬೀಗರು ನೋಡತಾರ."

ತಂಗೆವ್ವ ಒಪ್ಪುತ್ತಾರೆ. ಹೊರಡುವಾಗ ಅವರ ಕಣ್ಣು ಅಂಗಡಿಯ ಮಗ್ಗುಲಲ್ಲಿ ನಿಲ್ಲಿಸಿದ್ದ, ಸಾಗರ ಅವರ ಹಳೆಯ ಸಣ್ಣ ಕಾರಿನತ್ತ ಹೋಗುತ್ತದೆ. ಅದರಲ್ಲೂ ಒಂದು ಕೂಸಿನ ಸೀಟು.

"ನಿನ್ನ ಕೂಸು ಎಲ್ಲೈತೋ?"

"ದಾರ್ಯಾಗ ಐತ್ರಿ."

ಸಾಗರ ಅವರ ಹೆಂಡತಿ ಪ್ರಜ್ಞಾ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಾರೆ. ತಂಗೆವ್ವ ಅವರ ಹೊಟ್ಟೆಯನ್ನು ನೋಡುತ್ತಾರೆ. ಪ್ರಜ್ಞಾ ನಗುತ್ತಾರೆ. "ಇಲ್ಲೆಲ್ರಿ ಆಯಿ. ಬೆಳಗಾವ್ಯಾಗ."

ಸಾಗರ ಅವರಿಗೆ ಮೂವತ್ತೊಂಬತ್ತು. ಹುಟ್ಟೂರು ಹೂಲಿ. ಹತ್ತನೆಯ ತರಗತಿ ಮುಗಿಸಿ ಧಾರವಾಡದ ಕುಶನ್ ಅಂಗಡಿಯೊಂದರಲ್ಲಿ ಕೆಲಸ ಕಲಿತು, ಮದುವೆಯ ನಂತರ ಸವದತ್ತಿಗೆ ಬಂದವರು. ಹರಿದ ಸೀಟು, ಹೊಸ ಕವರು, ಟ್ರ್ಯಾಕ್ಟರಿನ ಮೆತ್ತೆ, ಇವೇ ಹೊಟ್ಟೆಪಾಡು. ಏಳು ವರ್ಷದ ಹಿಂದೆ ಶಿಕ್ಷಕರೊಬ್ಬರು ಕೂಸಿನ ಸೀಟನ್ನು ಹಗ್ಗದಿಂದ ಕಟ್ಟಿದ ಗಾಡಿ ತಂದರು. ಸೀಟಿನ ಡಬ್ಬಿಯಲ್ಲಿದ್ದ ಕೈಪಿಡಿಯ ಚಿತ್ರಗಳನ್ನು ಗಂಡ ಹೆಂಡತಿ ಎರಡು ಸಂಜೆ ಕುಳಿತು ನೋಡಿ, ಬಿಚ್ಚಿ, ಕೂಡಿಸಿ, ಮತ್ತೆ ಬಿಚ್ಚಿ ಕಲಿತರು. ಈಗ ಬೈಲಹೊಂಗಲ, ಕಿತ್ತೂರಿನಿಂದಲೂ ಜನ ಕೇಳಿಕೊಂಡು ಬರುತ್ತಾರೆ. ಆದರೂ ತಿಂಗಳಿಗೆ ಮೂರೋ ನಾಲ್ಕೋ ಸೀಟು. ಉಳಿದ ಕೂಸುಗಳೆಲ್ಲ ಮುಂದಿನ ಸೀಟಿನಲ್ಲಿ, ತಾಯಿಯ ತೊಡೆಯ ಮೇಲೆ.

"ತಾಯಿ ತೊಡಿಗಿಂತ ಗಟ್ಟಿ ಯಾವುದೈತಿ ಅಂತಾರ್ರಿ" ಎನ್ನುತ್ತಾರೆ ಅವರು. "ನಾ ಅಂತೇನಿ, ತುಂಬಿದ ಕೊಡ ಹಿಡಕೊಂಡು ಓಡಿ ಗಕ್ಕನ ನಿಂತ ನೋಡ್ರಿ. ಕೊಡಾ ನಿಮ್ಮ ಕೈಯಾಗ ಉಳೀತೈತಿ. ನೀರು ಉಳಿಯೂದಿಲ್ಲ."

ಸ್ವಂತ ಕಾರಿನಲ್ಲಿ ಕೂಸಿನ ಸೀಟನ್ನು ಅವರು ಕೂರಿಸಿ ಎರಡು ವರ್ಷವಾಯಿತು. ಮದುವೆಯಾಗಿ ಹದಿನಾಲ್ಕು. ಹುಬ್ಬಳ್ಳಿ, ಬೆಳಗಾವಿಯ ದವಾಖಾನೆಗಳೆಲ್ಲ ಮುಗಿದ ಮೇಲೆ ದತ್ತು ಪಡೆಯಲು ಹೆಸರು ಬರೆಸಿದರು. ಮನೆ ನೋಡಲು ಬರುವ ಅಧಿಕಾರಿಗಳ ಮುಂದೆ ತೋರಿಸಲಿಕ್ಕೆ ಎಂದು ಸೀಟು ಹಾಕಿದ್ದಲ್ಲ. "ಹಾಕಿದ್ರ ಜಾಗಾ ಹಿಡದಂಗ ಆಕ್ಕೈತಲ್ರಿ" ಎನ್ನುತ್ತಾರೆ ಪ್ರಜ್ಞಾ. ಸೋಮವಾರಕ್ಕೊಮ್ಮೆ ಅದರ ಧೂಳು ಒರೆಸುವವರು ಅವರೇ. ಪೇಟೆಗೆ ಹೊರಟಾಗ ಸಾಗರ ಅವರ ತಾಯಿ ಲಗಮವ್ವ ಅದರ ಮಗ್ಗುಲಲ್ಲಿ ಮುದುಡಿ ಕೂರುತ್ತಾರೆ. ಯಾರಾದರೂ ಅದನ್ನು ತೆಗೆಯಿರಿ ಎಂದರೆ ಅವರದು ಒಂದೇ ಉತ್ತರ. "ಹಿರೇ ಮನಿಷ್ಯಾಳು ಕುಂಡ್ರೂ ಜಾಗಾ ಅದು. ನಾ ಸಣ್ಣಾಕಿ, ಸರಕೊಂತೇನಿ."

ಅಕ್ಟೋಬರಿನಲ್ಲಿ ಫೋನು ಬಂತು. ಹದಿನಾಲ್ಕು ತಿಂಗಳ ಹೆಣ್ಣು ಕೂಸು. ಬೆಳಗಾವಿಯ ದತ್ತು ಕೇಂದ್ರಕ್ಕೆ ಹೋಗಿ ಅರ್ಧ ತಾಸು ನೋಡಿ ಬಂದಿದ್ದಾರೆ. ಸಾಗರ ಅವರ ಅಂಗಿಗೆ ಅಂಟಿದ್ದ ಕೆಂಪು ದಾರವೊಂದನ್ನು ಕೂಸು ಎಳೆದು ತೆಗೆದು, ಬಾಯಿಗಿಟ್ಟುಕೊಂಡಿತಂತೆ. ಬಿಡಿಸಿಕೊಳ್ಳಲು ಹೋದ ಪ್ರಜ್ಞಾ ಅವರ ಬೆರಳು ಕಚ್ಚಿತಂತೆ. "ನಾಕ ಹಲ್ಲು ಅದಾವ್ರಿ" ಎನ್ನುವಾಗ ಪ್ರಜ್ಞಾ ಆ ಬೆರಳನ್ನು ಇನ್ನೊಂದು ಕೈಯಿಂದ ಸವರಿಕೊಳ್ಳುತ್ತಾರೆ.

ಕಡೆಯ ಆದೇಶ ಇನ್ನೂ ಬಂದಿಲ್ಲ. ಈ ವಾರ ಬರಬಹುದು, ಬರದೆಯೂ ಇರಬಹುದು. "ಕೈಗೆ ಕೊಡೂತನಾ ನಮ್ಮಾಕಿ ಅನ್ನೂಹಂಗಿಲ್ರಿ" ಎನ್ನುತ್ತಾರೆ ಸಾಗರ. ಹೆಸರೊಂದನ್ನು ಆರಿಸಿದ್ದಾರೆ. ಲಗಮವ್ವನಿಗೂ ಹೇಳಿಲ್ಲ.

ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿಲ್ಲ. ಸಾಗರ ತಮ್ಮ ಕಾರಿನೊಳಗೆ ಹೊಕ್ಕು, ಸೀಟಿನ ಬೆನ್ನಿನಿಂದ ಪಟ್ಟಿಗಳನ್ನು ಬಿಚ್ಚಿ ಮೇಲಿನ ತೂತಿಗೆ ಪೋಣಿಸುತ್ತಿದ್ದಾರೆ. ಹಿಂದಕ್ಕೆ ಮುಖ ಮಾಡಿ ಕೂರುವ ಕೂಸಿಗೆ ಪಟ್ಟಿ ಭುಜದ ಸಮಕ್ಕೆ, ಇಲ್ಲವೇ ತುಸು ಕೆಳಗಿನಿಂದ ಬರಬೇಕು. ಎರಡು ವರ್ಷ ಅವು ಎಲ್ಲಕ್ಕಿಂತ ಕೆಳಗಿನ ತೂತಿನಲ್ಲೇ ಇದ್ದವು. ಯಾವ ಕೂಸಿನ ಭುಜಕ್ಕೆಂದು ಮೇಲೇರಿಸುವುದು?

"ಒಂದ ಆಸೆ ಐತ್ರಿ" ಎನ್ನುತ್ತಾರೆ, ತಲೆ ಹೊರಗೆ ಹಾಕದೆ. "ಬೆಳಗಾವಿಯಿಂದ ಸವದತ್ತಿತನಾ ಸಾವಕಾಶ ಗಾಡಿ ಹೊಡೀಬೇಕು. ಹಿಂದ ಆಕಿ ಅಳಬೇಕು. ಪ್ರಜ್ಞಾ ಮಗ್ಗಲಕ ಕುಂತು ಸಮಾಧಾನ ಮಾಡಬೇಕು. ನಾ ಹೊಳ್ಳಿ ನೋಡಬಾರ್ದು. ಗಾಡಿ ಹೊಡ್ಯಾಂವ ಹೊಳ್ಳಿ ನೋಡಬಾರ್ದು."

ಕೂಸನ್ನು ನೋಡಲು ಹೋದ ದಿನ, ಕೇಂದ್ರದಲ್ಲಿ ಏನಾದರೂ ಕೇಳುವುದಿದೆಯೇ ಎಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. ಅಲ್ಲಿನ ಆಯಾ ನಕ್ಕು, ಕೂಸನ್ನು ಗೋಡೆಗೆ ಆನಿಸಿ ಕೂರಿಸಿದರು. ಪ್ರಜ್ಞಾ ಚೀಲದಿಂದ ಹೊಲಿಗೆಯ ಟೇಪು ತೆಗೆದರು. ನೆಲದಿಂದ ಭುಜಕ್ಕೆ ಇಪ್ಪತ್ತೇಳು ಸೆಂಟಿಮೀಟರ್.