ಎಡಗೈ ಮೇಲೆ ಬಂದ ಅಪವಾದ

ನಮ್ಮ ಮನೆಯವರ ಎಡಗೈ ಮಣಿಕಟ್ಟು ಮುರಿದು ಕೂಡಿಕೊಂಡ ಮೇಲೆ ಅವರಿಗೆ ಮುಷ್ಟಿ ಬಿಗಿಯಲು ಬರುವುದಿಲ್ಲ. ಸೀರೆ ಮಡಚುತ್ತಾರೆ, ಗಂಟು ಕಟ್ಟುತ್ತಾರೆ, ಬೈಕಿನ ಕ್ಲಚ್ ಹಿಡಿಯುವುದು ಮಾತ್ರ ಆಗದು. ಹಾಗಾಗಿ ಗಾಡಿ ಓಡಿಸುವುದನ್ನು ನಾನು ಕಲಿತೆ. ನಾವು ಕೊಟ್ಟೂರಿನವರು. ನೈಟಿ, ಲಂಗ, ಕಾಟನ್ ಸೀರೆ ತುಂಬಿಕೊಂಡು ಕೂಡ್ಲಿಗಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಸಂತೆಗಳಿಗೆ ಹೋಗಿ ಮಾರುತ್ತೇವೆ. ಟ್ಯಾಂಕಿನ ಮೇಲೊಂದು ಗಂಟು, ಅದರ ಹಿಂದೆ ನಾನು, ನನ್ನ ಹಿಂದೆ ಅವರು, ಅವರ ಬೆನ್ನಿಗೆ ಇನ್ನೊಂದು ಗಂಟು. ಮೊದಮೊದಲು ಜನ ನಿಂತು ನೋಡುತ್ತಿದ್ದರು. ಈಗ ಎಲ್ಲರಿಗೂ ರೂಢಿಯಾಗಿದೆ. ರೂಢಿಯಾಗದವನು ನಮ್ಮ ಓಣಿಯ ತುದಿಯ ಗ್ಯಾರೇಜಿನವನು. ಕೀಲಿ ನನ್ನ ಕೈಯಲ್ಲಿದ್ದರೂ ಅವನು ಮಾತಾಡುತ್ತಿದ್ದದ್ದು ಇವರ ಜೊತೆ.

ಕಳೆದ ಬೇಸಿಗೆಯಲ್ಲಿ ಅವನ ಹತ್ತಿರ ಇಂಜಿನ್ ಆಯಿಲ್ ಬದಲಿಸಿದೆವು; ಗ್ಯಾರೇಜಿನ ದೊಡ್ಡ ಡಬ್ಬಿಯಿಂದಲೇ ತುಂಬಿದ. ಅದಾದ ಸ್ವಲ್ಪ ದಿನಕ್ಕೆ ಕೂಡ್ಲಿಗಿ ದಾರಿಯ ಏರಿನಲ್ಲಿ ಗಾಡಿ ಕೈಕೊಟ್ಟಿತು. ರೇಸ್ ಕೊಟ್ಟರೆ ಇಂಜಿನ್ ಕಿರುಚುತ್ತದೆ, ಚಕ್ರ ಮಾತ್ರ ತನಗೆ ಸಂಬಂಧವೇ ಇಲ್ಲದಂತೆ ನಿಧಾನ ಉರುಳುತ್ತದೆ. ಹಿಂದೆ ಕಲ್ಲು ತುಂಬಿದ ಲಾರಿ. ಅದರ ಡ್ರೈವರ್ ಹಾರ್ನ್ ಒತ್ತಿ ಹಿಡಿದಿದ್ದ. ನಾನು ಗಾಡಿಯನ್ನು ಮಣ್ಣಿಗೆ ಇಳಿಸುವಷ್ಟರಲ್ಲಿ ಲಾರಿ ನನ್ನ ಮೊಣಕೈ ಸವರಿದಂತೆ ಹೋಯಿತು. ಹೇಗೋ ತಳ್ಳುತ್ತ, ಓಡಿಸುತ್ತ ಊರಿಗೆ ಬಂದೆವು.

ಗ್ಯಾರೇಜಿನವನು ಗಾಡಿ ಹತ್ತಿ ಒಂದು ಸುತ್ತು ಹೋಗಿ ಬಂದ.

"ಅಣ್ಣಾರ, ಕ್ಲಚ್ ಪ್ಲೇಟ್ ಸುಟ್ಟಾವು. ಅಕ್ಕಾರು ಹಾಫ್ ಕ್ಲಚ್ಚಿನ್ಯಾಗ ಓಡಸ್ತಾರ ಅನ್ನಸ್ತೈತಿ. ಹೆಣ್ಮಕ್ಕಳು ಹಂಗ, ಹೆದರಿ ಕ್ಲಚ್ ಬಿಡಂಗಿಲ್ಲ."

ನಾನು ಅಲ್ಲೇ ನಿಂತಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಇವರು ನಕ್ಕು ಅಂದರು: "ಹೌದಪ, ನಾನೂ ನೋಡೀನಿ. ಕ್ಲಚ್ ಮ್ಯಾಲೆ ಕೈ ಇಟ್ಕೊಂಡೇ ಇರ್ತಾಳ."

ಅವನು ಅಂದದ್ದಕ್ಕೆ ಬಂದ ಸಿಟ್ಟು ಒಂದು ತೂಕ. ಇವರು ನಕ್ಕಿದ್ದಕ್ಕೆ ಬಂದದ್ದು ಬೇರೆಯೇ. ಬಿಸಿಲಲ್ಲಿ, ಮಳೆಯಲ್ಲಿ, ಜ್ವರದಲ್ಲಿ ಇವರನ್ನು ಕೂರಿಸಿಕೊಂಡು ತಿರುಗಿದ್ದೇನೆ. ಒಮ್ಮೆಯೂ ಬೀಳಿಸಿಲ್ಲ. ಪರರ ಮುಂದೆ ಒಂದು ಮಾತು ನನ್ನ ಪರ ಆಡಲು ಇವರಿಗೆ ಏನು ಧಾಡಿ ಬಂದಿತ್ತು?

ಗ್ಯಾರೇಜಿನವನು ಹೊಸ ಪ್ಲೇಟ್ ಹಾಕಿ, ಅದೇ ಡಬ್ಬಿಯ ಆಯಿಲ್ ಮತ್ತೆ ತುಂಬಿ ಕೊಟ್ಟ. ಕೆಲವು ಸಂತೆ ಚೆನ್ನಾಗಿ ಓಡಿತು. ಆಮೇಲೆ ಹಗರಿಬೊಮ್ಮನಹಳ್ಳಿಗೆ ಹೋಗುವಾಗ ಒಂದು ಸಣ್ಣ ದಿಬ್ಬಕ್ಕೇ ಮತ್ತೆ ಅದೇ ಕಿರುಚಾಟ ಶುರು.

"ನೋಡು, ಅವ ಹೇಳಿದ್ದು ಖರೇ ಐತಿ" ಅಂದರು ಹಿಂದಿನಿಂದ.

"ಇಲ್ಲಿ ನೋಡ್ರಿ" ಅಂದೆ. ಎಡಗೈಯನ್ನು ಹ್ಯಾಂಡಲಿನಿಂದ ತೆಗೆದು ತಲೆಗಿಂತ ಎತ್ತರಕ್ಕೆ ಎತ್ತಿದೆ. ಬಲಗೈಯಲ್ಲಿ ರೇಸ್ ತಿರುವಿದೆ. ಇಂಜಿನ್ ಅರಚಿತು, ಗಾಡಿ ತೆವಳಿತು. "ನನ್ನ ಕೈ ಎಲ್ಲೈತಿ? ಕ್ಲಚ್ ಮ್ಯಾಲೆ ಐತೇನು? ಹೇಳ್ರಿ!"

"ಲೇ, ಹ್ಯಾಂಡಲ್ ಹಿಡಿ, ಬೀಳ್ತೀವಿ!"

"ಮೊದಲು ಹೇಳ್ರಿ."

"ಇಲ್ಲ ಮಾರಾಯ್ತಿ, ಇಲ್ಲ!"

ಆಗ ಹ್ಯಾಂಡಲ್ ಹಿಡಿದೆ.

ಹಗರಿಬೊಮ್ಮನಹಳ್ಳಿ ಮುಟ್ಟಿದ ಮೇಲೆ, ಪ್ಲೇಟಂತೂ ಹೊಸವು, ಆಯಿಲ್ಲಾದರೂ ಬದಲಿಸಿ ನೋಡೋಣವೆಂದು ಬಿಡಿಭಾಗದ ಅಂಗಡಿಗೆ ಹೋದೆ. ಅಂಗಡಿಯ ಹೆಂಗಸು, "ಬೈಕಿಗೋ ಕಾರಿಗೋ?" ಎಂದು ಕೇಳಿದಳು.

"ಬ್ಯಾರೆ ಬ್ಯಾರೆ ಇರ್ತಾವೇನು?"

"ಮತ್ತ! ಬೈಕಿನೊಳಗ ಕ್ಲಚ್ ಪ್ಲೇಟೂ ಇಂಜಿನ್ ಆಯಿಲ್ಲಿನ್ಯಾಗ ಮುಳುಗಿರ್ತಾವು. ಕಾರಿನ ಆಯಿಲ್ಲಿಗೆ ಜಾರಿಕಿ ಜಾಸ್ತಿ. ಅದನ್ನ ಹಾಕಿದ್ರ ಪ್ಲೇಟ್ ಒಂದನ್ನೊಂದು ಹಿಡಿಯಂಗಿಲ್ಲ, ಜಾರ್ತಾವು."

ನನಗೆ ಗ್ಯಾರೇಜಿನ ಆ ದೊಡ್ಡ ಡಬ್ಬಿ ನೆನಪಾಯಿತು. ಅದರ ಮೇಲೆ ಕೆಂಪು ಕಾರಿನ ಚಿತ್ರವಿತ್ತು. ಎಷ್ಟೋ ಸಲ ಅದರ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ.

ಅಲ್ಲೇ ಸಮೀಪದ ಇನ್ನೊಂದು ಗ್ಯಾರೇಜಿನಲ್ಲಿ ಗಾಡಿ ಬಿಚ್ಚಿಸಿದೆ. ಸಂತೆ ಹೋದರೆ ಹೋಗಲಿ ಎಂದು ಪಕ್ಕದಲ್ಲೇ ನಿಂತೆ. ಹಳೇ ಆಯಿಲ್ ಪೂರ್ತಿ ಇಳಿಸಿದರು. ಪ್ಲೇಟುಗಳು ಹೊಳೆಯುತ್ತಿದ್ದವು, ಉಗುರಿಗೆ ಗಾಜಿನಂತೆ ತಾಗಿದವು. ಹೊಸವನ್ನು ಬೈಕಿನ ಆಯಿಲ್ಲಿನಲ್ಲಿ ನೆನೆಸಿಟ್ಟು, ಆಮೇಲೆ ಕೂಡಿಸಿದರು. ಸ್ವಲ್ಪ ಆಯಿಲ್ ಹಾಕಿ ಇಂಜಿನ್ ತಿರುಗಿಸಿ, ಅದನ್ನೂ ಚೆಲ್ಲಿ, ಮತ್ತೆ ಹೊಸದು ತುಂಬಿದರು. ಕೊನೆಗೆ ಕ್ಲಚ್ ವೈರ್ ಸಡಿಲಿಸಿ, ಲಿವರ್ ಒಂಚೂರು ಆಡುವಂತೆ ಬಿಟ್ಟರು. ವಾಪಸ್ ಬರುವಾಗ ಆ ದಿಬ್ಬವನ್ನು ಗಾಡಿ ಟಾಪ್ ಗೇರಿನಲ್ಲೇ ಹತ್ತಿತು.

ಕೊಟ್ಟೂರಿಗೆ ಬಂದವಳೇ ಓಣಿಯ ಗ್ಯಾರೇಜಿಗೆ ಹೋದೆ. ಡಬ್ಬಿ ಎತ್ತಿ ಕಟ್ಟೆಯ ಮೇಲೆ ಇಟ್ಟೆ. "ಇದರ ಮ್ಯಾಲೆ ಏನೈತಿ ನೋಡು. ಬೈಕ್ ಐತೋ, ಕಾರ್ ಐತೋ?"

ಅವನು ಇವರ ಕಡೆ ತಿರುಗಿದ. "ಅಣ್ಣಾರ, ಆಯಿಲ್ ಅಂದ್ರ ಎಲ್ಲಾ ಒಂದ..."

"ಅವರನ್ಯಾಕ ನೋಡ್ತಿ? ಲಾರಿ ಗಾಲಿಗೆ ಸಿಗಬೇಕಾಗಿದ್ದಾಕಿ ನಾನು. ನನ್ನ ನೋಡಿ ಮಾತಾಡು!"

ದಾರಿಯಲ್ಲಿ ಹೋಗುವವರು ನಿಂತರು. ನಿಲ್ಲಲಿ ಎಂದೇ ಗಂಟಲು ಏರಿಸಿದೆ. ಎಷ್ಟು ಜನರ ಗಾಡಿಗೆ ಇದನ್ನು ಹಾಕಿದ್ದಾನೆ, ಎಷ್ಟು ಹೆಂಗಸರ ಮೇಲೆ ಅಪವಾದ ಹೊರಿಸಿದ್ದಾನೆ ಎಂದು ಕೇಳಿದೆ. ಅವನು ಎಣ್ಣೆಗೈಯನ್ನು ಬಟ್ಟೆಗೆ ಒರೆಸುತ್ತ ನೆಲ ನೋಡಿದ. ತಪ್ಪಾಯಿತು ಅನ್ನಲಿಲ್ಲ. ಇವರೂ ಅನ್ನಲಿಲ್ಲ. ಅಲ್ಲಿಂದ ಮುಂದೆ ನಾವು ಆ ಗ್ಯಾರೇಜಿಗೆ ಹೋಗಿಲ್ಲ.

ದೀಪಾವಳಿಗೆ ಹೊಳಲಿನ ನಮ್ಮ ಅಕ್ಕನ ಮನೆಗೆ ಹೋಗಿದ್ದೆವು. ಊಟಕ್ಕೆ ಕೂತಾಗ ಇವರು ಭಾವನಿಗೆ ಈ ಕಥೆ ಹೇಳತೊಡಗಿದರು. "ನಾ ಮೊದಲಽ ಅಂದೆ, ಆಯಿಲ್ ಸರಿ ಇಲ್ಲ ಅಂತ."

ಹೋಳಿಗೆ ಬಡಿಸುತ್ತಿದ್ದ ನಾನು ನಿಂತೆ. "ಯಾವಾಗ ಅಂದ್ರಿ?"

ಇವರು ಎಲೆ ನೋಡುತ್ತ, "ಇಬ್ಬರೂ ಕೂಡೇ ಕಂಡುಹಿಡಿದ್ವಿ ಬಿಡು" ಅಂದರು.

"ಇಲ್ಲ. ನಾನು ಕಂಡುಹಿಡಿದೆ. ನೀವು ನಕ್ರಿ."

ಅಕ್ಕ ನನ್ನ ಸೆರಗು ಜಗ್ಗಿ ಸುಮ್ಮನಿರು ಎಂದಳು. ಇವರು ತಲೆ ಎತ್ತದೇ, "ಹೌದು, ನಕ್ಕೆ" ಅಂದರು.

ಅವರ ಎಲೆಗೆ ಹೋಳಿಗೆ ಹಾಕಿದೆ. ಸಿಟ್ಟೇನೂ ಇಳಿದಿರಲಿಲ್ಲ.